ಠರಾವಿಗೆ ಸಹಿ ಹಾಕಿದ್ದೇನೆ, ಹೊಣೆ ನನ್ನದೂ ಆಗುತ್ತಾ?

ಪ್ರಶ್ನೆ: ನಾನು ಕಾರವಾರದ ನಿವೃತ್ತ ಶಿಕ್ಷಕಿ. ಹೋದ ವರ್ಷ ನಮ್ಮ ಗೃಹ ನಿರ್ಮಾಣ ಸಹಕಾರ ಸಂಘದ ಆಡಳಿತ ಮಂಡಳಿಗೆ ಮಹಿಳಾ ಮೀಸಲು ಸ್ಥಾನದಿಂದ ಅವಿರೋಧವಾಗಿ ಆಯ್ಕೆಯಾದೆ. ‘ಅಕ್ಕೋರು ಇದ್ರೆ ಸಂಘಕ್ಕೆ ಒಂದು ಮರ್ಯಾದೆ, ಸುಮ್ನೆ ಬಂದು ಕೂತ್ರೆ ಸಾಕು’ ಅಂದಿದ್ದರು. ಈಗ ಅಂಕೋಲಾ ಕಡೆ ಹೊಸ ಲೇಔಟ್‌ಗೆ ಎರಡು ಎಕರೆ ಜಾಗ ಕೊಳ್ಳಲು ಠರಾವು ಆಗಿದೆ. ಜಾಗ ಅಧ್ಯಕ್ಷರ ಭಾವನದು. ದರ ಜಾಸ್ತಿ ಅನಿಸಿತು, ಆದರೆ ಸಭೆಯಲ್ಲಿ ಬಾಯಿ ಬಿಡಲಿಲ್ಲ, ಎಲ್ಲರ ಜೊತೆ ಸಹಿ ಹಾಕಿದೆ. ಮುಂಗಡ ಇನ್ನೂ ಕೊಟ್ಟಿಲ್ಲ. ಬ್ಯಾಂಕ್ ಖಾತೆಗೆ ನನ್ನದೂ ಜಂಟಿ ಸಹಿ ಇದೆ. ಕಾರ್ಯದರ್ಶಿಗಳು ಐದಾರು ಖಾಲಿ ಚೆಕ್‌ಗೆ ಒಟ್ಟಿಗೇ ಸಹಿ ಮಾಡಿಸಿಕೊಂಡಿದ್ದಾರೆ. ಪಕ್ಕದ ಮನೆಯವರು ಸಂಘದ ಸದಸ್ಯರು. ಲೆಕ್ಕ ನೋಡಬೇಕು ಅಂತಾರೆ. ‘ತೋರಿಸಬೇಡಿ’ ಅಂತ ಅಧ್ಯಕ್ಷರು ಹೇಳಿದ್ದಾರೆ. ನನಗೆ ಸಂಬಳವಿಲ್ಲ, ಸಭೆಯ ಭತ್ಯೆ ಅಷ್ಟೇ. ನಾಳೆ ಏನಾದರೂ ಆದರೆ ನನ್ನ ಮೇಲೂ ಬರುತ್ತಾ? ರಾಜೀನಾಮೆ ಕೊಟ್ಟರೆ ಮುಗಿಯುತ್ತಾ?

ಉತ್ತರ: ಬರುತ್ತದೆ, ಅಕ್ಕೋರೇ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಸಂಬಳ ಇಲ್ಲ, ಅವರೇ ಕರೆದು ಕೂರಿಸಿದರು, ಮೀಸಲು ಸ್ಥಾನದಿಂದ ಬಂದೆ ಎನ್ನುವ ಮಾತುಗಳನ್ನು ಕಾಯ್ದೆ ಕೇಳಿಸಿಕೊಳ್ಳುವುದಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಕಲಂ 28ಎ ಪ್ರಕಾರ ಸಂಘದ ಆಡಳಿತ ಇರುವುದು ಆಡಳಿತ ಮಂಡಳಿಯ ಕೈಯಲ್ಲಿ. ಅಂದರೆ ಎಲ್ಲ ನಿರ್ದೇಶಕರ ಕೈಯಲ್ಲಿ ಒಟ್ಟಾಗಿ. ಅಧ್ಯಕ್ಷರದ್ದು ಒಂದೂವರೆ ಪಾಲು, ಮಹಿಳಾ ನಿರ್ದೇಶಕಿಯದ್ದು ಅರ್ಧ ಪಾಲು ಎಂಬ ಲೆಕ್ಕ ಅಲ್ಲಿ ಇಲ್ಲ. ಮಹಿಳೆಯರಿಗೆ ಮೀಸಲಿಟ್ಟದ್ದು ಕುರ್ಚಿ ತುಂಬಲಿ ಅಂತಲ್ಲ, ಮತ ಹಾಕಲಿ ಅಂತ.

ಆದರೆ ನಿಮ್ಮ ಪತ್ರದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಮುಂಗಡ ಇನ್ನೂ ಹೋಗಿಲ್ಲ. ಹಾಗಾಗಿ ಸರಿಪಡಿಸಲು ಇನ್ನೂ ಸಮಯವಿದೆ.

ನಿರ್ದೇಶಕರಿಗೆ ನಿಜವಾಗಿ ಭಯ ಹುಟ್ಟಿಸುವುದು ಕಲಂ 69. ನಮ್ಮ ಕಡೆ ಎಲ್ಲರೂ ಅದನ್ನು ‘ಸರ್ಚಾರ್ಜ್’ ಅಂತಲೇ ಕರೆಯುತ್ತಾರೆ. ಲೆಕ್ಕಪರಿಶೋಧನೆಯಲ್ಲೋ, ಕಲಂ 64ರ ವಿಚಾರಣೆಯಲ್ಲೋ ಸಂಘದ ಹಣ ಪೋಲಾಗಿದೆ ಎಂದು ಕಂಡುಬಂದರೆ, ಅದಕ್ಕೆ ಕಾರಣರಾದವರಿಂದ ಬಡ್ಡಿ ಸಮೇತ ವಸೂಲಿ ಮಾಡುವಂತೆ ಸಹಕಾರ ಸಂಘಗಳ ನಿಬಂಧಕರು (ರಿಜಿಸ್ಟ್ರಾರ್) ಆದೇಶಿಸಬಹುದು. ಹಣ ತಿಂದವರು ಮಾತ್ರ ಅಲ್ಲಿ ಸಿಕ್ಕಿಬೀಳುವುದಲ್ಲ. ನಂಬಿಕೆ ಮುರಿದು ಅಥವಾ ಗೊತ್ತಿದ್ದೂ ಅಲಕ್ಷ್ಯ ಮಾಡಿ ಸಂಘಕ್ಕೆ ನಷ್ಟ ತಂದವರೂ ಬರುತ್ತಾರೆ. ಹಾಲಿ ನಿರ್ದೇಶಕರೂ ಬರುತ್ತಾರೆ, ಮಾಜಿಗಳೂ ಬರುತ್ತಾರೆ. ‘ದರ ಜಾಸ್ತಿ ಅನಿಸಿತು, ಆದರೂ ಸಹಿ ಹಾಕಿದೆ’ ಎಂಬ ನಿಮ್ಮ ವಾಕ್ಯ ಇದೆಯಲ್ಲ, ವಿಚಾರಣಾಧಿಕಾರಿಯ ಎದುರು ಅದು ನಿಮ್ಮ ಪರ ನಿಲ್ಲುವ ವಾಕ್ಯವಲ್ಲ. ಸಂಶಯ ಬಂದ ಮೇಲೂ ಕೇಳದೆ ಉಳಿದಿರಿ ಅಂತ ಅದನ್ನೇ ನಿಮಗೆ ಓದಿ ಹೇಳುತ್ತಾರೆ.

ಹಾಗಂತ ಪ್ರತಿ ನಷ್ಟವೂ ನಿರ್ದೇಶಕರ ಜೇಬಿಗೆ ಬರುವುದಿಲ್ಲ. ಕಾಗದಪತ್ರ ನೋಡಿ, ವಕೀಲರ ಅಭಿಪ್ರಾಯ ಪಡೆದು, ಎರಡು ಕಡೆ ದರ ವಿಚಾರಿಸಿ ಕೊಂಡ ಜಾಗಕ್ಕೆ ಆಮೇಲೆ ಬೆಲೆ ಇಳಿಯಿತು ಅಂದುಕೊಳ್ಳಿ. ಅದು ವ್ಯವಹಾರದ ಏರಿಳಿತ, ಅದಕ್ಕೆ ಯಾರೂ ನಿಮ್ಮನ್ನು ಹಿಡಿಯುವುದಿಲ್ಲ. ಕಾಯ್ದೆ ಕೇಳುವುದು ಇಷ್ಟೇ: ನಿಮ್ಮ ಸ್ವಂತ ದುಡ್ಡು ಹಾಕಿ ಜಾಗ ಕೊಳ್ಳುವಾಗ ಎಷ್ಟು ವಿಚಾರಿಸುತ್ತಿದ್ದಿರೋ ಅಷ್ಟನ್ನು ಇಲ್ಲೂ ವಿಚಾರಿಸಿದಿರಾ?

ಈಗ ಭಾವನ ಜಾಗದ ವಿಷಯ. ಸಂಘದ ಜೊತೆಗಿನ ಗುತ್ತಿಗೆ ಅಥವಾ ಖರೀದಿ-ಮಾರಾಟದಲ್ಲಿ ನೇರವಾಗಿಯೋ ಸುತ್ತು ಬಳಸಿಯೋ ಹಿತಾಸಕ್ತಿ ಇರುವವರು ಆಡಳಿತ ಮಂಡಳಿಯಲ್ಲಿ ಇರುವಂತಿಲ್ಲ. ಇದು ಕಲಂ 29ಸಿ ಹೇಳುವ ಅನರ್ಹತೆ. ಬರೀ ನೆಂಟಸ್ತನವಿದ್ದ ಮಾತ್ರಕ್ಕೆ ಅನರ್ಹತೆ ಆಗಿಯೇಬಿಡುತ್ತದೆ ಅಂತ ಹೇಳಲಾಗದು. ಕಾರವಾರದಂಥ ಊರಲ್ಲಿ ನೆಂಟಸ್ತನ ನೋಡುತ್ತ ಹೋದರೆ ಸಂಘಕ್ಕೆ ಜಾಗ ಮಾರುವವರೇ ಸಿಗಲಿಕ್ಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಪಹಣಿಯಲ್ಲಿ ಯಾರ ಯಾರ ಹೆಸರಿದೆ? ಅಧ್ಯಕ್ಷರ ಅಕ್ಕನ ಹೆಸರೂ ಇದೆಯೇ? ವಾಟ್ನಿ (ಆಸ್ತಿ ಪಾಲು) ಆಗಿದೆಯೇ, ಅಥವಾ ಅಧ್ಯಕ್ಷರ ಮನೆಯವರಿಗೂ ಅದರಲ್ಲಿ ಪಾಲು ಬರುತ್ತದೆಯೇ? ಹಿಂದೆ ಈ ಭಾವ ಜಾಗ ಕೊಳ್ಳುವಾಗ ದುಡ್ಡು ಯಾರು ಹಾಕಿದ್ದರು? ಇದನ್ನೆಲ್ಲ ಅಧ್ಯಕ್ಷರೇ ತಾವಾಗಿ ಹೇಳಬೇಕಿತ್ತು. ಹೇಳಿ, ಆ ವಿಷಯ ಚರ್ಚೆಯಾಗುವಾಗ ಸಭೆಯಿಂದ ಹೊರಗೆ ಹೋಗಿ, ಬೇರೆಯವರು ಅಧ್ಯಕ್ಷತೆ ವಹಿಸಿ, ಅಷ್ಟೂ ನಡವಳಿಯಲ್ಲಿ ದಾಖಲಾಗಬೇಕಿತ್ತು. ನೀವು ಬರೆದದ್ದು ನೋಡಿದರೆ ಅದಾವುದೂ ಆಗಿಲ್ಲ.

‘ಇಷ್ಟು ದಿನದ ಪರಿಚಯ, ಮುಖ ಮುರಿದು ಹೇಗೆ ಕೇಳುವುದು’ ಅಂತ ನಿಮಗೆ ಅನಿಸಬಹುದು. ನಿಜವೇ. ನಾಳೆ ಮದುವೆ ಊಟದ ಪಂಕ್ತಿಯಲ್ಲಿ ಅವರು ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಬಾಯಿಮಾತು ಬೇಡ ಅನ್ನುತ್ತೇನೆ. ಬರೆದು ಕೊಡಿ. ಜಗಳದ ಭಾಷೆ ಬೇಕಾಗಿಲ್ಲ. ‘ಈ ಜಾಗದ ಮಾಲೀಕರು ಮಾನ್ಯ ಅಧ್ಯಕ್ಷರ ಸಂಬಂಧಿಕರು ಎಂದು ತಿಳಿದುಬಂದಿದೆ. ಮೌಲ್ಯಮಾಪನ ವರದಿ, ಕಾನೂನು ಅಭಿಪ್ರಾಯ ಸಭೆಯ ಮುಂದೆ ಬರುವ ತನಕ ಈ ಖರೀದಿಗೆ ನನ್ನ ಒಪ್ಪಿಗೆ ಇಲ್ಲ. ಹಿಂದಿನ ಠರಾವನ್ನು ಮರುಪರಿಶೀಲಿಸಬೇಕು’ ಎಂದು ನಾಲ್ಕು ಸಾಲು ಸಾಕು. ಕಾರ್ಯದರ್ಶಿಗೆ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಓದಿ ದೃಢೀಕರಿಸುತ್ತಾರಲ್ಲ, ಆಗ ಎದ್ದು ನಿಂತು ಈ ಪತ್ರದ ವಿಷಯ ಎತ್ತಿ. ನಡವಳಿ ಪುಸ್ತಕದಲ್ಲಿ ‘ವಿರೋಧವಿದೆ’ ಅಂತ ಬರೆಸಿ, ಅದನ್ನು ಕಣ್ಣಾರೆ ಓದಿದ ಮೇಲೇ ಸಹಿ ಹಾಕಿ. ಹಾಜರಿಗೆ ಹಾಕುವ ಸಹಿ ಬೇರೆ, ಠರಾವಿನ ಕೆಳಗೆ ಹಾಕುವ ಸಹಿ ಬೇರೆ. ಕೆಲವು ಸಂಘಗಳಲ್ಲಿ ಹಾಜರಿ ಪುಟದಲ್ಲಿ ಸಹಿ ಮಾಡಿಸಿಕೊಂಡು, ಕೆಳಗಿನ ಖಾಲಿ ಜಾಗದಲ್ಲಿ ಠರಾವನ್ನು ಆಮೇಲೆ ನಿಧಾನವಾಗಿ ಬರೆಯುವ ರೂಢಿ ಇದೆ. ನಿಮ್ಮಲ್ಲೂ ಹಾಗಿದ್ದರೆ ಇಂದೇ ನಿಲ್ಲಿಸಿ.

ದರದ ಬಗ್ಗೆ ಹೇಳುವುದಾದರೆ, ಗಣಿತ ಕಲಿಸಿದವರಿಗೆ ಇದು ಎರಡು ನಿಮಿಷದ ಕೆಲಸ. ಎರಡು ಎಕರೆ ಅಂದರೆ 80 ಗುಂಟೆ, 87,120 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಸೈಟ್‌ಗೆ ಶೇಕಡಾ 55ರಷ್ಟು ಉಳಿಯಿತು ಅಂತಿಟ್ಟುಕೊಳ್ಳಿ. ಸುಮಾರು 47,900 ಚದರ ಅಡಿ. 30×40ರ ಸೈಟ್ ಅಂದರೆ 1,200 ಚದರ ಅಡಿ, ಹೆಚ್ಚುಕಡಿಮೆ 40 ಸೈಟ್. ಈಗ ಗುಂಟೆಗೆ ಒಂದು ಲಕ್ಷ ಜಾಸ್ತಿ ಕೊಟ್ಟರೆ ಒಟ್ಟು 80 ಲಕ್ಷ ಜಾಸ್ತಿ ಹೋಗುತ್ತದೆ. ಅದನ್ನು 40 ಸೈಟ್‌ಗೆ ಹಂಚಿ. ಒಬ್ಬೊಬ್ಬ ಸದಸ್ಯರ ಮೇಲೆ ಎರಡು ಲಕ್ಷ. ಸಭೆಯಲ್ಲಿ ‘ಗುಂಟೆಗೆ ಒಂದು ಲಕ್ಷ ಆಚೀಚೆ ಅಷ್ಟೇ’ ಅಂತ ಹೇಳಿದಾಗ ಸಣ್ಣದಾಗಿ ಕೇಳುತ್ತದೆ, ಅಲ್ವಾ? ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸಭೆಯ ಮುಂದಿಡಿ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ, ಅದೇ ಊರಿನಲ್ಲಿ ಇತ್ತೀಚೆಗೆ ನೋಂದಣಿಯಾದ ಕ್ರಯಗಳ ದರ, ಮೌಲ್ಯಮಾಪಕರ ವರದಿ, ಈ ಮೂರೂ ಪಕ್ಕಪಕ್ಕ ಇದ್ದರೆ ಮಾತು ತಾನಾಗಿ ಸರಿದಾರಿಗೆ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ದರಕ್ಕಿಂತ ದೊಡ್ಡ ಪ್ರಶ್ನೆ ಜಾಗದ್ದೇ. ಬಯಲುಸೀಮೆಯ ಸಂಘವೊಂದು ಪಹಣಿ, ಇ.ಸಿ. (ಋಣಭಾರ ಪತ್ರ) ನೋಡಿ ಮುಂದೆ ಹೋಗಬಹುದು. ಇಲ್ಲಿ ಅಷ್ಟು ಸಾಲದು. ಉತ್ತರ ಕನ್ನಡದ ಬಹುಪಾಲು ಅರಣ್ಯ. ತೋರಿಸಿದ ಜಾಗ ಪೂರ್ತಿ ಮಾಲ್ಕಿಯೇ (ಖಾಸಗಿ ಒಡೆತನದ್ದೇ), ಅಂಚಿನಲ್ಲಿ ಅರಣ್ಯದ ಅತಿಕ್ರಮಣ ಸೇರಿಕೊಂಡಿದೆಯೇ ಅಂತ ಸರ್ವೆ ಮಾಡಿಸದೆ ಗೊತ್ತಾಗುವುದಿಲ್ಲ. ಬಿನ್‌ಶೇತ್ಕಿ (ಕೃಷಿಯೇತರ ಪರಿವರ್ತನೆ) ಆಗಿದೆಯೇ ನೋಡಿ. ಆಗಿಲ್ಲವಾದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 95ರ ಪ್ರಕಾರ ಪರಿವರ್ತನೆ ಆಗಬೇಕು. ಆ ಖರ್ಚು ಯಾರದ್ದು, ಆಗದಿದ್ದರೆ ಮುಂಗಡ ವಾಪಸ್ ಬರುತ್ತದೆಯೇ ಅಂತ ಕರಾರಿನಲ್ಲೇ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಾಗವಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಸರ್ಕಾರದ ಪೂರ್ವಾನುಮತಿ ಇಲ್ಲದ ಖರೀದಿ ನಿಲ್ಲುವುದೇ ಇಲ್ಲ. ಎಷ್ಟು ಕೈ ಬದಲಾಗಿದ್ದರೂ ಈ ತೊಂದರೆ ಜಾಗದ ಬೆನ್ನಿಗೇ ಬರುತ್ತದೆ. ಆದ್ದರಿಂದ ಮೂಲ ಮಂಜೂರಾತಿಯ ತನಕ ಹಿಂದೆ ಹೋಗಿ ನೋಡಿ.

ಆಮೇಲೆ ನೀರು. ಸಮುದ್ರದ ಕಡೆ ಉಬ್ಬರದ ರೇಖೆಯಿಂದ 500 ಮೀಟರ್ ತನಕ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ ಅನ್ನುವುದು ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಸಮುದ್ರ ಕಾಣದಷ್ಟು ಒಳಗಿರುವ ಜಾಗಕ್ಕೂ ಅದು ಬರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳಲ್ಲಿ ಉಬ್ಬರದ ಉಪ್ಪುನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗೆ ದಂಡೆಗೂ ನಿಯಮವಿದೆ. 2019ರ ಅಧಿಸೂಚನೆಯಲ್ಲಿ ಅದು 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಗಜನಿ (ಉಪ್ಪುನೀರು ಏರುವ ತಗ್ಗು ಗದ್ದೆ) ಜಾಗವನ್ನು ಮಣ್ಣು ತುಂಬಿಸಿ ‘ಎತ್ತರ ಮಾಡಿಕೊಡುತ್ತೇವೆ’ ಅಂತ ತೋರಿಸುವವರೂ ಇದ್ದಾರೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಂಡರೆ ಅಲ್ಲಿಂದಲೇ ತಿರುಗಿ ಬನ್ನಿ.

ಇನ್ನೊಂದು ಮಾತು. ಜಾಗ ನೋಡಲು ಮಾರುವವರು ಕರೆದೊಯ್ಯುವುದು ಡಿಸೆಂಬರ್‌ನಲ್ಲಿ. ನೀವು ಜುಲೈಯಲ್ಲಿ ಹೋಗಿ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದ್ದು ನಿಮಗೆ ನೆನಪಿರುತ್ತದೆ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದಂತೂ ಯಾರೂ ಮರೆತಿಲ್ಲ. ಲೇಔಟ್‌ನ ಹಿಂದೆ ಗುಡ್ಡ ಕಡಿದಿದ್ದರೆ ಅದನ್ನು ನೋಡುವುದೂ ನಿರ್ದೇಶಕರ ಕೆಲಸವೇ. ಕಾಗದದಲ್ಲಿ ಎಲ್ಲ ಸರಿಯಿದ್ದರೂ, ಜನ ಮನೆ ಕಟ್ಟಿ ಮಲಗುವುದು ಆ ಗುಡ್ಡದ ಬುಡದಲ್ಲಿ.

ಎರಡು ಎಕರೆ ಲೇಔಟ್ ಅಂದಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಕೂಡ ಬರುತ್ತದೆ. 2016ರ ಆ ಕಾಯ್ದೆಯ ‘ವ್ಯಕ್ತಿ’ ಎಂಬ ವ್ಯಾಖ್ಯೆಯೊಳಗೆ ಸಹಕಾರ ಸಂಘವೂ ಸೇರಿದೆ. 500 ಚದರ ಮೀಟರ್ ಮೀರಿದ ಯೋಜನೆಗೆ ನೋಂದಣಿ ಬೇಕು. ಸದಸ್ಯರಿಂದ ಕಂತು ಕಟ್ಟಿಸಿಕೊಳ್ಳಲು ಶುರು ಮಾಡುವ ಮೊದಲೇ ನಿಮ್ಮ ಸಂಘದ ಯೋಜನೆಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ವಕೀಲರಿಂದ ಲಿಖಿತ ಅಭಿಪ್ರಾಯ ತರಿಸಿ. ಸದಸ್ಯರ ಸೈಟ್ ಹಣವನ್ನು ಸಂಘದ ದಿನಖರ್ಚಿನ ಖಾತೆಯಲ್ಲಿ ಬೆರೆಸಬೇಡಿ. ಇದು ರೇರಾ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಮಧ್ಯವರ್ತಿಗಳ ಬಗ್ಗೆ ಒಂದು ಹಳೆಯ ಪಾಠ ಇದೆ. ಬೆಂಗಳೂರಿನ ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘ ದಲ್ಲಾಳಿಗೆ ಹಣ ಕೊಟ್ಟು, ಅವನ ಮೂಲಕ ಭೂಸ್ವಾಧೀನ ಮಾಡಿಸಿಕೊಂಡಿತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಆ ಸ್ವಾಧೀನ ರದ್ದಾದದ್ದನ್ನು ಎತ್ತಿಹಿಡಿಯಿತು. 2012ರಲ್ಲಿ ಬೆಂಗಳೂರು ಸಿಟಿ ಸಹಕಾರಿ ಗೃಹ ಸಂಘದ ಪ್ರಕರಣದಲ್ಲೂ ಹಾಗೆಯೇ ಆಯಿತು. ಸದಸ್ಯರಿಗೆ ಸೈಟ್ ಕೊಡಬೇಕು ಎಂಬ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ದಾರಿ ಕೆಟ್ಟಿತ್ತು ಅಂತ ಕೋರ್ಟ್ ನೋಡಿತು. ನಿಮ್ಮ ಖರೀದಿಯಲ್ಲಿ ಭೂಸ್ವಾಧೀನ ಇಲ್ಲ, ನಿಜ. ಆದರೂ ‘ಕನ್ವರ್ಷನ್, ಲೇಔಟ್ ಎಲ್ಲ ನಾವೇ ಮಾಡಿಸಿಕೊಡುತ್ತೇವೆ, ಒಟ್ಟು ಇಷ್ಟು ಕೊಡಿ’ ಎಂಬ ಒಪ್ಪಂದ ಬಂದರೆ ಆ ‘ಒಟ್ಟು’ ಒಳಗೆ ಏನೇನಿದೆ ಎಂದು ಬಿಡಿಸಿ ಕೇಳಿ.

ಖಾಲಿ ಚೆಕ್‌ಗಳ ವಿಷಯ ಬರೆಯುವಾಗ ಸ್ವಲ್ಪ ಗಟ್ಟಿಯಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಡೀ ಪತ್ರದಲ್ಲಿ ನಿಮಗೆ ಅತಿ ಹೆಚ್ಚು ಅಪಾಯ ಇರುವುದು ಇಲ್ಲಿಯೇ. ಬ್ಯಾಂಕಿನವರು ಜಂಟಿ ಸಹಿ ಕೇಳುವುದು ಒಬ್ಬರ ಮೇಲೊಬ್ಬರ ಕಣ್ಣಿರಲಿ ಅಂತ. ಮೊದಲೇ ಸಹಿ ಮಾಡಿಕೊಟ್ಟರೆ ಆ ಕಣ್ಣು ಮುಚ್ಚಿದಂತೆಯೇ. ‘ನಾನು ಸಹಿ ಮಾಡುವಾಗ ಚೆಕ್ ಖಾಲಿ ಇತ್ತು’ ಅನ್ನುವುದು ರಕ್ಷಣೆ ಆಗುವುದಿಲ್ಲ. ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿಸಿದರೂ ಸಹಿ ಮಾಡಿದವರ ಹೊಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಒಂದು ಚೆಕ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಳೆ ಬೆಳಿಗ್ಗೆಯೇ ಸಂಘದ ಕಚೇರಿಗೆ ಹೋಗಿ. ಚೆಕ್ ಪುಸ್ತಕ ತರಿಸಿ, ಉಳಿದ ಎಲೆಗಳನ್ನು ನಿಮ್ಮ ಎದುರೇ ಅಡ್ಡಗೆರೆ ಎಳೆದು ರದ್ದು ಮಾಡಿಸಿ, ನಂಬರ್ ಬರೆದುಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಆ ನಂಬರ್‌ಗಳ ಹಣ ಪಾವತಿ ನಿಲ್ಲಿಸುವಂತೆ ಬ್ಯಾಂಕಿಗೆ ಬರೆಯಿರಿ, ಪತ್ರದ ಪ್ರತಿ ಅಧ್ಯಕ್ಷರಿಗೂ ಇರಲಿ. ಮುಂದಕ್ಕೆ ಬಿಲ್, ಠರಾವಿನ ನಂಬರ್, ಚೆಕ್ ಮೂರೂ ಒಟ್ಟಿಗೆ ಬಂದರೆ ಮಾತ್ರ ಸಹಿ. ‘ಅಕ್ಕೋರು ಹಿಂದಿನಂತಿಲ್ಲ’ ಅಂತ ಒಂದು ವಾರ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ.

ಪಕ್ಕದ ಮನೆಯವರಿಗೆ ಲೆಕ್ಕ ತೋರಿಸಬೇಕೇ? ಸಂಘದ ಕಚೇರಿಯಲ್ಲಿ, ಕಚೇರಿ ವೇಳೆಯಲ್ಲಿ ತೋರಿಸಬೇಕು. ಸದಸ್ಯರಿಗೆ ಕಾಯ್ದೆ, ಉಪವಿಧಿ, ಲೆಕ್ಕಪರಿಶೋಧಿತ ಆಯವ್ಯಯ, ತಮ್ಮ ಸ್ವಂತ ವ್ಯವಹಾರಕ್ಕೆ ಸಂಬಂಧಿಸಿದ ಪುಸ್ತಕದ ಪುಟಗಳನ್ನು ನೋಡುವ ಹಕ್ಕಿದೆ. ಆದರೆ ನೀವು ರಿಜಿಸ್ಟರ್ ಮನೆಗೆ ತಂದು ಜಗುಲಿಯಲ್ಲಿ ಬಿಚ್ಚಿಡುವುದು ಸರಿಯಲ್ಲ. ಬೇರೆ ಸದಸ್ಯರು ಎಷ್ಟು ಬಾಕಿ ಇಟ್ಟಿದ್ದಾರೆ ಎಂಬುದನ್ನು ಚಹಾ ಅಂಗಡಿಯಲ್ಲೋ ವಾಟ್ಸಾಪ್ ಗುಂಪಿನಲ್ಲೋ ಹೇಳುವಂತಿಲ್ಲ. ಅವರಿಗೆ ಲಿಖಿತ ಅರ್ಜಿ ಕೊಡಲು ಹೇಳಿ. ಅರ್ಜಿ ಬಂದರೆ ಕಾರ್ಯದರ್ಶಿ ಲಿಖಿತವಾಗಿಯೇ ಉತ್ತರಿಸಬೇಕಾಗುತ್ತದೆ. ಅಧ್ಯಕ್ಷರು ‘ನಾವು ಮಾಹಿತಿ ಹಕ್ಕಿನಡಿ ಬರುವುದಿಲ್ಲ’ ಅನ್ನಬಹುದು. ಸುಪ್ರೀಂ ಕೋರ್ಟ್‌ನ 2013ರ ತಲಪ್ಪಲಂ ಸಹಕಾರಿ ಬ್ಯಾಂಕ್ ತೀರ್ಪಿನ ಪ್ರಕಾರ ಆ ಮಾತು ಅರ್ಧ ನಿಜ. ಸರ್ಕಾರದ ನಿಯಂತ್ರಣ, ದೊಡ್ಡ ಮಟ್ಟದ ಹಣ ಇಲ್ಲದ ಸಹಕಾರ ಸಂಘ ಸಾರ್ವಜನಿಕ ಪ್ರಾಧಿಕಾರವಲ್ಲ. ಉಳಿದ ಅರ್ಧವೂ ಅದೇ ತೀರ್ಪಿನಲ್ಲಿದೆ. ನಿಬಂಧಕರು ಕಾಯ್ದೆಯಡಿ ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ನಿಬಂಧಕರ ಕಚೇರಿಯಲ್ಲಿ ಕೇಳಬಹುದು. ಇಷ್ಟೆಲ್ಲ ಸುತ್ತು ಬೇಕಾಗದಂತೆ ಮಾಡುವುದು ನಿರ್ದೇಶಕರ ಕೈಯಲ್ಲೇ ಇದೆ. ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ಸರ್ವ ಸದಸ್ಯರ ವಾರ್ಷಿಕ ಸಭೆ ಆಗಲೇಬೇಕು. ಆಗ ಲೆಕ್ಕಪರಿಶೋಧಕರ ಆಕ್ಷೇಪಣೆಗಳನ್ನು ಓದಿ ಹೇಳಿ, ಬರೀ ಲಾಭ-ನಷ್ಟದ ಹಾಳೆ ಹಂಚಿ ಲಡ್ಡು ಕೊಟ್ಟು ಕಳಿಸಬೇಡಿ.

ಕಾಯ್ದೆ ಮುಟ್ಟದ, ಆದರೆ ಮರ್ಯಾದೆ ಮುಟ್ಟುವ ಸಂಗತಿಗಳೂ ಇವೆ. ಲೇಔಟ್ ಎಲ್ಲಿ ಬರುತ್ತದೆ ಎಂದು ಮೊದಲು ಗೊತ್ತಾಗುವುದು ನಿರ್ದೇಶಕರಿಗೆ. ಅದನ್ನು ತಮ್ಮನಿಗೆ ಹೇಳಿ ಪಕ್ಕದ ಐದು ಗುಂಟೆ ಕೊಳ್ಳುವಂತೆ ಮಾಡಿದರೆ ಸಂಘದ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. (ನಿರ್ದೇಶಕರೇ ಆ ಲಾಭ ಮಾಡಿಕೊಂಡರೆ 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಕಲಂ 88 ಎದುರಾಗಬಹುದು. ನಂಬಿಕೆಯ ಸ್ಥಾನದಲ್ಲಿರುವವರು ಆ ಸ್ಥಾನದಿಂದ ಪಡೆದ ಲಾಭ ಅವರದ್ದಲ್ಲ ಎನ್ನುತ್ತದೆ ಅದು.) ಮೂಲೆ ಸೈಟ್ ಯಾರಿಗೆ, ಉಳಿದ ಸೈಟ್ ಯಾರಿಗೆ ಎನ್ನುವಲ್ಲೂ ಹೀಗೆಯೇ. ಉಪವಿಧಿಯಲ್ಲಿ ಹಿರಿತನದ ಪಟ್ಟಿ ಎಂದಿದ್ದರೆ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿಸಿ. ಎಷ್ಟೋ ವರ್ಷ ಷೇರು ಹಣ ಕಟ್ಟಿ ಕಾಯುತ್ತಿರುವವರು ಸಭೆಗೆ ಬರುವುದಿಲ್ಲ, ಕೂಗಾಡುವುದೂ ಇಲ್ಲ. ಕೆಲವರು ಮುಂಬೈಯಲ್ಲಿ, ಗೋವಾದಲ್ಲಿ ಇರುತ್ತಾರೆ. ಕೆಲವರು ತೀರಿಕೊಂಡು ವಾರಸುದಾರರಿಗೆ ವಿಷಯವೇ ಗೊತ್ತಿರುವುದಿಲ್ಲ. ನನ್ನ ಮಟ್ಟಿಗೆ ನಿರ್ದೇಶಕರ ಮೊದಲ ಹೊಣೆ ಈ ಸಭೆಗೆ ಬಾರದವರ ಕಡೆಗೆ. ಅಧ್ಯಕ್ಷರನ್ನು ನೋಡಿಕೊಳ್ಳಲು ಅಧ್ಯಕ್ಷರೇ ಇದ್ದಾರೆ.

ಕೊನೆಗೆ ರಾಜೀನಾಮೆ. ಕೊಟ್ಟ ದಿನದಿಂದ ಮುಂದಿನದ್ದಕ್ಕೆ ನಿಮ್ಮ ಹೊಣೆ ನಿಲ್ಲುತ್ತದೆ, ಹಿಂದೆ ಹಾಕಿದ ಸಹಿ ಅಳಿಸುವುದಿಲ್ಲ. ಈಗಲೇ ಬಿಟ್ಟು ಹೋದರೆ ಆ ಠರಾವಿನ ಕೆಳಗೆ ನಿಮ್ಮ ಒಪ್ಪಿಗೆ ಮಾತ್ರ ಉಳಿಯುತ್ತದೆ, ವಿರೋಧ ಎಲ್ಲೂ ಇರುವುದಿಲ್ಲ. ಹಾಗಾಗಿ ಮೊದಲು ಚೆಕ್ ರದ್ದು, ಆಮೇಲೆ ವಿರೋಧದ ಪತ್ರ, ಆಮೇಲೆ ಸಭೆ. ಅಷ್ಟಾದರೂ ಮುಂಗಡ ಕೊಡಲು ಹೊರಟರೆ ದಾಖಲೆ ಸಮೇತ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಬರೆಯಿರಿ, ಕಲಂ 64ರಡಿ ವಿಚಾರಣೆ ಕೋರಿ. ಸಂಘದ ಒಳಗಿನ ವಿವಾದಕ್ಕೆ ಕಲಂ 70ರ ದಾರಿಯೂ ಇದೆ. ಇಷ್ಟು ಮಾಡಿದ ಮೇಲೂ ಆ ಮಂಡಳಿಯಲ್ಲಿ ಕೂರಲು ಮನಸ್ಸು ಒಪ್ಪದಿದ್ದರೆ ಆಗ ರಾಜೀನಾಮೆ ಕೊಡಿ, ಕಾರಣ ಬರೆದೇ ಕೊಡಿ. ‘ವೈಯಕ್ತಿಕ ಕಾರಣ’ ಅಂತ ಮಾತ್ರ ಬರೆಯಬೇಡಿ.